ಹುಳಿಯಾದ ತೊಟ್ಟಿಗೆ ಹೆಪ್ಪು ಹಾಕಿದ ಬಲೂನಣ್ಣ

ಬೆಳಗಿನ ಐದೂವರೆ. ಬೆಳಕು ಬರಲೋ ಬೇಡವೋ ಎಂದು ಇನ್ನೂ ಮೀನಮೇಷ ಎಣಿಸುತ್ತಿದೆ. ಹಂದಿ ಫಾರಮ್ಮಿನ ಶೆಡ್ಡುಗಳ ಹಿಂದೆ, ಗ್ಯಾಸ್ ತೊಟ್ಟಿಯ ಹೊರಬಾಯಿಯ ಬಳಿ, ಐವತ್ತನಾಲ್ಕು ವರ್ಷದ ಒಬ್ಬರು ಮಂಡಿಯೂರಿ ಕೂತಿದ್ದಾರೆ. ಕೈಯಲ್ಲಿ ಹಿಡಿ ಮುರಿದ ಪ್ಲಾಸ್ಟಿಕ್ ಮಗ್ಗು. ಮಗ್ಗಿನಲ್ಲಿ ಆಗತಾನೇ ಮೊಗೆದ ಬಗ್ಗಡ: ಹಂದಿ ಗೊಬ್ಬರ ನೀರಿನಲ್ಲಿ ಕರಗಿ, ಕೊಳೆತು, ಡಾಂಬರಿನಷ್ಟು ಕಪ್ಪಾದ ದ್ರವ. ಉಳಿದವರು ಇದನ್ನು ಕಂಡರೆ ಮೂಗು ಮುಚ್ಚುತ್ತಾರೆ. ಇವರು ಮೂಗನ್ನೇ ಮಗ್ಗಿಗೆ ಇಳಿಸುತ್ತಾರೆ.

ಒಂದು ಸಲ ಎಳೆದುಕೊಳ್ಳುತ್ತಾರೆ. ಕಣ್ಣು ಮುಚ್ಚುತ್ತಾರೆ. ಇನ್ನೊಂದು ಸಲ.

"ಹುಳಿ ಇಳಿದಿದೆ. ನಿನ್ನೆ ಮೂಗಿಗೆ ಸೂಜಿ ಚುಚ್ಚಿದ ಹಾಗೆ ಇತ್ತು. ಇವತ್ತು ಬರೀ ನಾತ. ಒಳ್ಳೇ ನಾತ."

ನಾತದಲ್ಲಿ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ತೀರ್ಪು ಕೊಡಬಲ್ಲವರು ಈ ಸುತ್ತಿನಲ್ಲಿ ಇವರೊಬ್ಬರೇ. ಊರಿಗೊಬ್ಬರಿಗೆ ಕಂಡಕಂಡಲ್ಲಿ ಮೂಗು ತೂರಿಸುವ ಚಟ ಇರುತ್ತದೆ. ಇವರಿಗೆ ಅದೇ ಉದ್ಯೋಗ. ಸುತ್ತಲಿನ ಹನ್ನೊಂದು ರೈತರ ಮನೆಗಳಲ್ಲಿ ದೊಡ್ಡವರಿಗೆ ಇವರು ಬಲೂನಣ್ಣ, ಚಿಕ್ಕವರಿಗೆ ಬಲೂನ್ ಮಾಮ. ತೊಟ್ಟಿಯ ಮೇಲೆ ಗ್ಯಾಸು ತುಂಬಿಕೊಂಡು ಉಬ್ಬುವ, ಒಂದು ಲಾರಿಯಷ್ಟು ಉದ್ದದ ಕಪ್ಪು ರಬ್ಬರ್ ಚೀಲವಿದೆಯಲ್ಲ, ಅದರಿಂದ ಬಂದ ಹೆಸರು. ಹಂದಿ ಗೊಬ್ಬರದಿಂದ ಗ್ಯಾಸು ಮಾಡಿ ಆ ಹನ್ನೊಂದು ಮನೆಗೂ ಬೆಂಕಿ ಹಚ್ಚುವುದು ಇವರ ದಿನದ ಕೆಲಸ. ಒಲೆಗೆ ಮಾತ್ರ.

ಮೂರು ವಾರದಿಂದ ಒಂದು ಒಲೆಯೂ ಹತ್ತಿಲ್ಲ. ತೊಟ್ಟಿ ಕೆಟ್ಟಿದೆ. ಇವತ್ತು ಸೋಮವಾರ, ಮಾಲೀಕರು ಕೊಟ್ಟ ಗಡುವಿನ ಕೊನೆಯ ದಿನ. ಹನ್ನೊಂದು ಗಂಟೆಗೆ ಟ್ಯಾಂಕರ್ ಬರುತ್ತದೆ. ಅಷ್ಟರೊಳಗೆ ಗ್ಯಾಸು ಉರಿದರೆ ಸರಿ, ಇಲ್ಲದಿದ್ದರೆ ಟ್ಯಾಂಕರಿನವರು ತೊಟ್ಟಿಯನ್ನು ಹೀರಿ ಬರಿದು ಮಾಡುತ್ತಾರೆ. ಚೀಲ ಗುಜರಿಗೆ, ಗೊಬ್ಬರ ಹಸಿಹಸಿಯಾಗಿ ಗುತ್ತಿಗೆದಾರರಿಗೆ, ಬಲೂನಣ್ಣ ಮನೆಗೆ.

ಚೀಲದ ಪಕ್ಕದಲ್ಲಿ ಪರೀಕ್ಷೆಗೆಂದೇ ಇಟ್ಟ ಒಂದು ಹಳೆಯ ಒಲೆಯಿದೆ. ನಲ್ಲಿ ತಿರುಗಿಸಿ, ಕಡ್ಡಿ ಗೀರಿ ಹಿಡಿಯುತ್ತಾರೆ. ಫುಸ್. ಗ್ಯಾಸು ಹೊತ್ತಿಕೊಳ್ಳುವ ಬದಲು ಕಡ್ಡಿಯೇ ಆರುತ್ತದೆ. ಎರಡನೆಯ ಕಡ್ಡಿ. ಹಳದಿ ನಾಲಿಗೆಯೊಂದು ಏಳುತ್ತದೆ, ಅತ್ತಿತ್ತ ತೂರಾಡುತ್ತದೆ, ಬುಡದಿಂದ ನಿಧಾನಕ್ಕೆ ನೀಲಿಯಾಗಿ ನಿಲ್ಲುತ್ತದೆ. ಬಲೂನಣ್ಣ ಎಣಿಸಲು ಶುರುಮಾಡುತ್ತಾರೆ. ನಿನ್ನೆ ನಲವತ್ತಕ್ಕೆ ಆರಿತ್ತು. ಇವತ್ತು ನಲವತ್ತು ದಾಟುತ್ತದೆ, ನೂರು ದಾಟುತ್ತದೆ. ಇನ್ನೂರಕ್ಕೆ ಅವರೇ ನಲ್ಲಿ ಮುಚ್ಚುತ್ತಾರೆ. ಇರುವುದೇ ಇಷ್ಟು ಗ್ಯಾಸು, ಇಲ್ಲೇ ಸುಟ್ಟು ಮುಗಿಸುವಂತಿಲ್ಲ.

ಇಪ್ಪತ್ತು ಹೆಜ್ಜೆ ಆಚೆ, ಕಾಲುವೆಯ ಆ ದಡದಲ್ಲಿ, ಬಕೆಟ್ಟು ಹಿಡಿದು ಅವರ ಹೆಂಡತಿ ನಿಂತಿದ್ದಾರೆ. ಶೆಡ್ಡು ತೊಳೆಯುವುದು ಅವರ ಕೆಲಸ.

"ಬಾರೇ, ನೋಡ್ಬಾ. ನೀಲಿ."

"ಇಲ್ಲಿಂದ್ಲೇ ಕಾಣ್ತು ಬಿಡಿ."

"ಹತ್ರ ಬಂದ್ರೆ ಏನು, ಕಚ್ಚುತ್ತಾ?"

"ಅದು ಕಚ್ಚಲ್ಲ. ನನ್ನ ನಾಲಿಗೆ ಸುಮ್ನಿರಲ್ಲ."

ಬಲೂನಣ್ಣ ಮಗ್ಗಿನ ಬಗ್ಗಡವನ್ನು ಹುಲ್ಲಿಗೆ ಚೆಲ್ಲುತ್ತಾರೆ.

ಬಲೂನಣ್ಣ ಮೂಲತಃ ಗ್ಯಾಸಿನವರಲ್ಲ, ಗಾಳಿಯವರು. ಮೂರು ರಸ್ತೆ ಸೇರುವಲ್ಲಿ ಇಪ್ಪತ್ತೆರಡು ವರ್ಷ ಪಂಕ್ಚರ್ ಅಂಗಡಿ ಇಟ್ಟಿದ್ದರು. ಒಂದು ಬೋಗುಣಿ ನೀರು, ಒಂದು ಪಂಪು, ಗೋಡೆಗೆ ತೂಗುಹಾಕಿದ ಹಳೇ ಟ್ಯೂಬುಗಳು. ಒಂಬತ್ತು ವರ್ಷದ ಹಿಂದೆ ಈ ಫಾರಮ್ಮಿನ ರಬ್ಬರ್ ಚೀಲ ಸೋರತೊಡಗಿತು. ಚೀಲ ಮಾರಿದವರು ಹೊಸದನ್ನೇ ಕೊಳ್ಳಬೇಕೆಂದರು. ಮಾಲೀಕರಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಸೈಕಲ್ಲಿನ ಚಕ್ರ ಸರಿಮಾಡಿಸಲು ಹೋದವರು ಪಂಕ್ಚರಿನವರನ್ನೇ ಹಿಂದೆ ಕೂರಿಸಿಕೊಂಡು ಬಂದರು.

"ಒಂದು ಗಂಟೆ ಕೆಲ್ಸ ಅಂತ ಬಂದೆ," ಎನ್ನುತ್ತಾರೆ ಬಲೂನಣ್ಣ. "ಸೋಪಿನ ನೊರೆ ಬಳಿದೆ, ಗುಳ್ಳೆ ಎಲ್ಲಿ ಏಳುತ್ತೆ ಅಂತ ನೋಡ್ದೆ. ಟ್ಯೂಬಿಗೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ. ಇದರ ಸೈಕಲ್ಲು ಎಲ್ಲಿದೆ ಅಂತ ಮಾತ್ರ ಗೊತ್ತಾಗ್ಲಿಲ್ಲ. ಮೂರು ತೂತಿಗೆ ತೇಪೆ ಹಾಕ್ದೆ. ನಾಲ್ಕನೇದು ಹುಡುಕ್ತಾ ಒಂಬತ್ತು ವರ್ಷ ಆಯ್ತು."

ಇವತ್ತು ಚೀಲದ ಮೇಲೆ ಒಟ್ಟು ಮೂವತ್ತೊಂದು ತೇಪೆಗಳಿವೆ. ಪ್ರತಿಯೊಂದಕ್ಕೂ ಚಾಕ್‌ಪೀಸಿನಲ್ಲಿ ತಾರೀಖು ಬರೆದು ಸುತ್ತ ಗೆರೆ ಎಳೆದಿದ್ದಾರೆ. ಚೀಲ ಪೂರ್ತಿ ಉಬ್ಬಿದಾಗ ನೋಡಿದರೆ ಯಾವುದೋ ದೊಡ್ಡ ಪ್ರಾಣಿ ತನ್ನ ಆಸ್ಪತ್ರೆಯ ಚೀಟಿಗಳನ್ನೆಲ್ಲ ಮೈಮೇಲೆ ಅಂಟಿಸಿಕೊಂಡು ಮಲಗಿದಂತಿದೆ.

ಲೆಕ್ಕ ಸರಳ. ಇನ್ನೂರ ನಲವತ್ತು ಹಂದಿಗಳು. ದಿನಕ್ಕೆ ಹತ್ತಿರಹತ್ತಿರ ಐನೂರು ಕಿಲೋ ಗೊಬ್ಬರ, ಅಷ್ಟೇ ನೀರು. ಎರಡೂ ಸೇರಿ ಸಿಮೆಂಟಿನ ಕಾಲುವೆಯಲ್ಲಿ ಹರಿದು ಅರವತ್ತು ಸಾವಿರ ಲೀಟರಿನ ತೊಟ್ಟಿಗೆ ಬೀಳುತ್ತದೆ. ಇವತ್ತು ಒಳಗೆ ಹೋದದ್ದು ಎರಡು ತಿಂಗಳು ಒಳಗೇ ಕೂತು, ಗ್ಯಾಸು ಬಿಟ್ಟುಕೊಟ್ಟು, ಬಗ್ಗಡವಾಗಿ ಹೊರಬರುತ್ತದೆ. ಗ್ಯಾಸು ನೆಲದಡಿಯ ಪೈಪಿನಲ್ಲಿ ಹನ್ನೊಂದು ಮನೆಗೆ ಹೋಗುತ್ತದೆ, ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ. ಮಿಕ್ಕಿದ್ದರಲ್ಲಿ ಹಂದಿಮರಿಗಳ ಕೋಣೆ ಬೆಚ್ಚಗಿರುತ್ತದೆ. ಬಗ್ಗಡ ಹೊಲಗಳಿಗೆ. ಬದಲಿಗೆ ಆ ಮನೆಯವರು ಗೆಣಸಿನ ಬಳ್ಳಿ, ಜೋಳದ ದಂಟು, ಮಾರಾಟವಾಗದ ಕುಂಬಳ ತಂದು ಹಂದಿಗಳಿಗೆ ಹಾಕುತ್ತಾರೆ. ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೀಗೆ ಸುತ್ತುತ್ತಲೇ ಇರುತ್ತದೆ.

ಜನ ಇದನ್ನು ಗೋಬರ್ ಗ್ಯಾಸ್ ಎನ್ನುತ್ತಾರೆ. ಗೋವೂ ಇಲ್ಲ, ಅದರ ಸಗಣಿಯೂ ಇಲ್ಲ, ಹೆಸರು ಮಾತ್ರ ಉಳಿದಿದೆ. ಮೊದಮೊದಲು ಹನ್ನೊಂದು ಮನೆಯವರೂ ಮೂಗು ಮುರಿದವರೇ. ಎಲ್ಲರಿಗಿಂತ ಜೋರಾಗಿ ಮುರಿದವರು ಕೊನೆಮನೆ ಅತ್ತೆ. ಪೈಪಿನ ತುದಿಯಲ್ಲಿ, ತೊಟ್ಟಿಯಿಂದ ಆರುನೂರ ನಲವತ್ತು ಮೀಟರ್ ದೂರದಲ್ಲಿ ಇವರ ಮನೆ. ಮೂಲಂಗಿ, ಎಲೆಕೋಸು ಬೆಳೆಯುತ್ತಾರೆ. ಅತ್ತೆ ಎಂದು ಕರೆಯುವುದು ಸೊಸೆ ಒಬ್ಬಳೇ ಅಲ್ಲ, ಎಲ್ಲರೂ.

"ಹಂದಿ ಬಿಟ್ಟ ಗಾಳೀಲಿ ನಮ್ಮನೆ ಹಾಲು ಕಾಯ್ಬೇಕಾ?" ಎಂದು ಪೈಪು ಹೂಳಲು ಬಂದವರನ್ನು ಅತ್ತೆ ಎರಡು ಸಲ ವಾಪಸ್ಸು ಕಳಿಸಿದ್ದರು. ಮೂರನೆಯ ಸಲ ಸೊಸೆಯೇ ಗುದ್ದಲಿ ಹಿಡಿದಳು. ವಾರ ಕಳೆದ ಮೇಲೆ ಬಲೂನಣ್ಣ ಹೋಗಿ ವಿಚಾರಿಸಿದರೆ ಅತ್ತೆಯ ದೂರು ಬೇರೆಯೇ ಆಗಿತ್ತು: "ಹೊಗೆ ಇಲ್ಲ, ಊದೋದಿಲ್ಲ, ಸೌದೆ ಹಸಿ ಅಂತ ಯಾರನ್ನೂ ಬೈಯೋ ಹಾಗಿಲ್ಲ. ಬೆಳಗ್ಗೆ ಎದ್ದು ನಾನು ಮಾಡೋದೇನಪ್ಪ?"

ತೊಟ್ಟಿಯ ಒಳಗೆ ಗ್ಯಾಸು ಮಾಡುವವರು ಕಣ್ಣಿಗೆ ಕಾಣದ ಕ್ರಿಮಿಗಳು. ಬಲೂನಣ್ಣ ಅವನ್ನು 'ಒಳಗಿನವರು' ಎಂದು ಬಹುವಚನದಲ್ಲಿ ಗೌರವದಿಂದ ಕರೆಯುತ್ತಾರೆ. "ಒಳಗಿನವರಿಗೆ ಗಲೀಜು ಎಷ್ಟಾದ್ರೂ ಕೊಡಿ, ಬೇಜಾರಿಲ್ಲ. ಸೋಪು ಆಗಲ್ಲ. ಫಿನಾಯಿಲ್ ಅಂದ್ರೆ ಹೆದರ್ತಾರೆ. ಬ್ಲೀಚಿಂಗ್ ಪೌಡರ್ ಅಂದ್ರೆ ಮುಗೀತು."

ಅದಕ್ಕೇ ಕಾಲುವೆ ಒಂದು ಕಡೆ ಎರಡಾಗಿ ಕವಲೊಡೆಯುತ್ತದೆ. ಕವಲಿನಲ್ಲಿ ಒಂದು ಮರದ ಹಲಗೆ. ದಿನನಿತ್ಯ ಬರೀ ನೀರಲ್ಲಿ ತೊಳೆದಾಗ ಹಲಗೆ ಎಡಕ್ಕೆ, ನೀರು ತೊಟ್ಟಿಗೆ. ತಿಂಗಳಿಗೊಮ್ಮೆ ಔಷಧಿ ಹಾಕಿ ತೊಳೆದಾಗ ಹಲಗೆ ಬಲಕ್ಕೆ, ನೀರು ಪಕ್ಕದ ಗುಂಡಿಗೆ. ಹಲಗೆ ಬದಲಿಸುವುದು ಬಲೂನಣ್ಣನ ಕೆಲಸ, ಬೇರೆಯವರು ಮುಟ್ಟುವಂತಿಲ್ಲ. ಶೆಡ್ಡಿನ ಬಾಗಿಲ ಮೇಲೆ ಮಾಲೀಕರು ತಮ್ಮ ಕೈಯಾರೆ ಬರೆದ ಬೋರ್ಡಿದೆ: 'ಸೋಪು, ಔಷಧಿ ತೊಟ್ಟಿಗೆ ಬಿಟ್ಟವರು ಅವತ್ತೇ ಮನೆಗೆ.' ಬರೆದದ್ದು ಸುಮ್ಮನೆ ಅಲ್ಲ. ಈ ಹಿಂದೆ ಒಬ್ಬರನ್ನು ಕಳಿಸಿಯೂ ಇದ್ದಾರೆ.

ನಾಲ್ಕು ವಾರದ ಹಿಂದೆ ಸುದ್ದಿ ಬಂತು. ದೂರದ ಪಟ್ಟಣದಿಂದ ದೊಡ್ಡ ಮನುಷ್ಯರು ಫಾರಮ್ಮು ನೋಡಲು ಬರುತ್ತಾರೆ, ಎರಡು ಕಾರು, ಕ್ಯಾಮೆರಾ ಎಲ್ಲ ಇರುತ್ತದೆ. ಮಾಲೀಕರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಶೆಡ್ಡಿನಿಂದ ಶೆಡ್ಡಿಗೆ ಓಡಾಡಿ, ನೆಲ ಕನ್ನಡಿಯ ಹಾಗೆ ಹೊಳೆಯಬೇಕೆಂದು ಮೂರು ಸಲ ಹೇಳಿದರು. ಬಲೂನಣ್ಣನ ಹೆಂಡತಿ ಆ ಮಾತನ್ನು ಅಕ್ಷರಶಃ ತೆಗೆದುಕೊಂಡರು. ಗಂಡನ ತೊಟ್ಟಿಯನ್ನೂ ನಾಲ್ಕು ಜನ ನೋಡುತ್ತಾರಲ್ಲ ಎಂಬ ಹುರುಪು ಬೇರೆ. ಬೆಳ್ಳಂಬೆಳಿಗ್ಗೆ ಎದ್ದು ಎರಡು ಪ್ಯಾಕೆಟ್ಟು ಬ್ಲೀಚಿಂಗ್ ಪೌಡರ್, ಅರ್ಧ ಕ್ಯಾನು ಫಿನಾಯಿಲ್ ಸುರಿದು ನಾಲ್ಕೂ ಶೆಡ್ಡು ಉಜ್ಜಿದರು. ಹಲಗೆ ಬಲಕ್ಕೆ ಬಂದಿರುತ್ತದೆ ಎಂದುಕೊಂಡಿದ್ದರು, ಅಲ್ಲಿ ಗಂಡ ಇರುತ್ತಾರಲ್ಲ ಎಂದು.

ಗಂಡ ಕ್ಷೌರದಂಗಡಿಯಲ್ಲಿದ್ದರು.

"ಫೋಟೋ ತೆಗೀತಾರೆ ಅಂದ್ರು," ಎಂದು ಬಲೂನಣ್ಣ ಕೆನ್ನೆ ಸವರಿಕೊಳ್ಳುತ್ತಾರೆ. "ಮೊದಲ್ನೇ ಗಿರಾಕಿ ನಾನೇ ಆಗಿ, ಬೇಗ ಬಂದ್ಬಿಡೋಣ ಅಂತ ಹೋದೆ. ನೋಡಿದ್ರೆ ನನಗಿಂತ ಮುಂಚೆ ಇಬ್ರು ಕೂತಿದ್ರು. ಆಮೇಲೆ ಕ್ಷೌರದವ್ನು, 'ಮೀಸೆಗೆ ಸ್ವಲ್ಪ ಬಣ್ಣ ಹಾಕ್ಲಾ?' ಅಂದ. ಹಾಕಪ್ಪ ಅಂದೆ. ಅದು ಒಣಗ್ಬೇಕಲ್ಲ!"

ಮೀಸೆ ಕಪ್ಪಾಗಿ, ಕುತ್ತಿಗೆಗೆ ಪೌಡರ್ ಬಿದ್ದು ಅವರು ವಾಪಸ್ಸು ಬರುವಷ್ಟರಲ್ಲಿ ಕಾಲುವೆಯ ತುಂಬ ಬೆಳ್ಳನೆಯ ನೊರೆ ಹರಿಯುತ್ತಿತ್ತು, ಸೀದಾ ತೊಟ್ಟಿಗೆ.

ಅತಿಥಿಗಳು ಬಂದರು. ಮೊದಲ ಕಾರಿನ ಕಿಟಕಿ ನಾಲ್ಕು ಬೆರಳು ಇಳಿಯಿತು. ಒಂದು ಕರವಸ್ತ್ರ ಕಾಣಿಸಿತು. ಕಿಟಕಿ ಏರಿತು. ಆರು ನಿಮಿಷ ನಿಂತಿದ್ದ ಎರಡೂ ಕಾರುಗಳು ಹಿಂದಕ್ಕೆ ತಿರುಗಿದವು. ಒಬ್ಬರ ಚಪ್ಪಲಿಯೂ ನೆಲಕ್ಕೆ ತಾಗಲಿಲ್ಲ. ಆ ದಿನ ಕನ್ನಡಿಯಂಥ ನೆಲದಲ್ಲಿ ಮುಖ ನೋಡಿಕೊಂಡವರು ಹಂದಿಗಳು ಮಾತ್ರ.

ಮೂರನೆಯ ದಿನ ಹನ್ನೊಂದು ಮನೆಗಳಲ್ಲೂ ಉರಿ ಹಳದಿಯಾಯಿತು. ಐದನೆಯ ದಿನ ಸತ್ತೇಹೋಯಿತು. ಮಾಲೀಕರು ಕೇಳಿದಾಗ ಬಲೂನಣ್ಣ ತಡವರಿಸಲಿಲ್ಲ. "ನಂದೇ ತಪ್ಪು ಸಾರ್. ಆಸೆಗೆ ಬಿದ್ದು ಜಾಸ್ತಿ ತಿನ್ನಿಸ್ಬಿಟ್ಟೆ. ಅಜೀರ್ಣ." ಅಳತೆ ಮೀರಿ ಗೊಬ್ಬರ ತುಂಬಿದರೂ ತೊಟ್ಟಿ ಹೀಗೇ ಹುಳಿಯಾಗುತ್ತದೆ, ಆದ್ದರಿಂದ ಮಾತು ನಂಬುವಂತಿತ್ತು. ಮೇಲಾಗಿ, ಜಾಸ್ತಿ ತಿನ್ನಿಸಿದವರು ಮನೆಗೆ ಎಂದು ಬೋರ್ಡಿನಲ್ಲಿ ಬರೆದಿರಲಿಲ್ಲ. ಮಾಲೀಕರು ರೇಗಿದರು, ಕೂಗಾಡಿದರು, ಕಡೆಗೆ ಮೂರು ವಾರ ಕೊಟ್ಟರು.

ಹೆಂಡತಿಗೆ ವಿಷಯ ತಿಳಿದದ್ದು ಸಂಜೆ.

"ಯಾಕ್ರೀ ಸುಳ್ಳು ಹೇಳಿದ್ರಿ?"

"ಸುಳ್ಳೇನು ಬಂತು? ಹಲಗೆ ನಂದು. ನಾನಿರ್ಲಿಲ್ಲ."

"ಬ್ಲೀಚಿಂಗು ನಂದು. ನಾನಿದ್ದೆ."

"ಇಬ್ರಲ್ಲಿ ಒಬ್ರಿಗಾದ್ರೂ ಕೆಲಸ ಉಳೀಲಿ ಕಣೇ. ಸುಮ್ನಿರು."

"ಸುಮ್ನಿರಬೇಕು ಅಂದ್ರೆ ಆ ತೊಟ್ಟಿ ನನ್ನ ಕಣ್ಣಿಗೆ ಬೀಳ್ಬಾರ್ದು. ಹತ್ರ ಕರೀಬೇಡಿ ನನ್ನ."

ಅಂದಿನಿಂದ ಅವರು ಕಾಲುವೆ ದಾಟಿಲ್ಲ.

ಹುಳಿಯಾದ ತೊಟ್ಟಿಯನ್ನು ಸರಿಮಾಡುವುದು ಹೇಗೆಂದು ಬಲೂನಣ್ಣನಿಗೆ ಯಾವ ಪುಸ್ತಕವೂ ಹೇಳಿಕೊಟ್ಟಿಲ್ಲ. ಚೀಲದ ಕಂಪನಿಯವರಿಗೆ ಫೋನು ಮಾಡಿದರೆ ಒಂದು ಹೆಣ್ಣುದನಿ, ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದಿತು. "ಒತ್ತಿ ಒತ್ತಿ ಬೆರಳು ಸವೀತು," ಎಂದು ಬಲೂನಣ್ಣ ಆ ದನಿಯಲ್ಲೇ ಹೇಳಿ ತೋರಿಸುತ್ತಾರೆ, "ಹುಳಿಯಾಗಿದ್ದರೆ ಎಂಟನ್ನು ಒತ್ತಿ ಅಂತ ಕೊನೇವರೆಗೂ ಅನ್ಲೇ ಇಲ್ಲ."

ಮೊದಲು ತೊಟ್ಟಿಯ ಮೂರನೇ ಒಂದು ಭಾಗವನ್ನು ಪಕ್ಕದ ಗುಂಡಿಗೆ ಹರಿಸಿದರು. ಹೊಸ ಗೊಬ್ಬರ ಹಾಕುವುದನ್ನು ನಿಲ್ಲಿಸಿದರು. ಆದರೆ ತೊಟ್ಟಿಗೆ ಉಪವಾಸವೆಂದು ಹಂದಿಗಳು ಉಪವಾಸ ಮಾಡುತ್ತವೆಯೇ? ದಿನಾ ಐನೂರು ಕಿಲೋವನ್ನು ಕೈಗಾಡಿಯಲ್ಲಿ ತಳ್ಳಿ ದೂರ ಹಾಕಬೇಕಾಯಿತು, ದಿನಕ್ಕೆ ಹನ್ನೆರಡು ಗಾಡಿ. ಆಮೇಲೆ ಸುಣ್ಣದ ತಿಳಿನೀರು, ಬಕೆಟ್ಟು ಬಕೆಟ್ಟಾಗಿ. ಶಾಲೆಯ ಪ್ರಯೋಗಾಲಯದಿಂದ ಯಾರೋ ತಂದುಕೊಟ್ಟ ಬಣ್ಣದ ಕಾಗದವನ್ನು ಬಗ್ಗಡದಲ್ಲಿ ಅದ್ದಿ, ಬಣ್ಣ ನೋಡಿ, ಮೂಗಿನ ತೀರ್ಪಿಗೂ ಅದಕ್ಕೂ ತಾಳೆ ಹಾಕಿದರು. "ಕಾಗದಕ್ಕೂ ನನ್ನ ಮೂಗಿಗೂ ಒಂದೇ ದಿನ ಜಗಳ ಆಗಿದ್ದು. ಅವತ್ತು ನನಗೆ ನೆಗಡಿ."

ಆದರೂ ಒಳಗಿನವರು ಏಳಲಿಲ್ಲ. ಬಲೂನಣ್ಣನಿಗೆ ದಾರಿ ಹೊಳೆದದ್ದು ತಮ್ಮದೇ ಅಡುಗೆಮನೆಯಲ್ಲಿ, ಹೆಂಡತಿ ಹಾಲಿಗೆ ಹೆಪ್ಪು ಹಾಕುವುದನ್ನು ಕಂಡು. ಬದುಕಿರುವ ಬೇರೊಂದು ತೊಟ್ಟಿಯಿಂದ ಬಗ್ಗಡ ತಂದು ಹಾಕಿದರೆ?

ಹದಿನಾಲ್ಕು ಕಿಲೋಮೀಟರ್ ದೂರದ ಹಸು ಸಾಕುವವರ ಹತ್ತಿರ ಅಂಥ ತೊಟ್ಟಿಯಿತ್ತು. ಸೈಕಲ್ಲಿನ ಎರಡೂ ಬದಿಗೆ ಇಪ್ಪತ್ತು ಲೀಟರಿನ ಕ್ಯಾನು ಕಟ್ಟಿಕೊಂಡು ಬಲೂನಣ್ಣ ಹೊರಟರು. ಅಲ್ಲಿನ ತೊಟ್ಟಿ ನೋಡಿಕೊಳ್ಳುವವರು ಇವರ ಕ್ಯಾನುಗಳನ್ನು ಕಂಡು ಹುಬ್ಬೇರಿಸಿದರು.

"ಹಸುವಿನ ಹೆಪ್ಪು ಹಂದಿಗೆ ಹಿಡಿಯುತ್ತೇನ್ರೀ?"

"ಒಳಗೆ ಹೋದ್ಮೇಲೆ ಯಾರು ಯಾವ ಮನೆ ಕಡೆಯವರು ಅಂತ ಯಾರು ಕೇಳ್ತಾರೆ, ತುಂಬ್ಸಿ."

ಹೆಪ್ಪೇನೋ ಸಿಕ್ಕಿತು. "ಮನೇಲಾದ್ರೆ ಒಂದು ಚಮಚ ಸಾಕು. ಇಲ್ಲಿ ಹಾಲು ನಲವತ್ತು ಸಾವಿರ ಲೀಟರ್ ಇದೆ," ಎನ್ನುತ್ತಾರೆ ಅವರು. ಐದು ದಿನ, ದಿನಕ್ಕೆ ಎರಡು ಸುತ್ತು ಸೈಕಲ್ ತುಳಿದರು. ಆರನೆಯ ದಿನ, ಹನ್ನೊಂದು ಮನೆಯವರಲ್ಲಿ ಒಬ್ಬರಾದ ಟೊಮೆಟೊ ಬೆಳೆಗಾರರು ತಮ್ಮ ಗೂಡ್ಸ್ ಆಟೊದಲ್ಲಿ ನಾಲ್ಕು ಡ್ರಮ್ಮು ಇಟ್ಟುಕೊಂಡು ಬಾಗಿಲಿಗೆ ಬಂದರು. "ಹತ್ತಣ್ಣ. ಮನೇಲಿ ಸೌದೆ ಒಲೆ ಮತ್ತೆ ಶುರುವಾಗಿದೆ. ನಿನ್ನ ಸೈಕಲ್ಲು ಮುಗಿಸೋಷ್ಟರಲ್ಲಿ ನನ್ನ ಹೆಂಡ್ತಿ ನನ್ನನ್ನ ಮುಗಿಸ್ತಾಳೆ."

ಎರಡನೆಯ ವಾರದಲ್ಲಿ ಚೀಲ ಉಬ್ಬತೊಡಗಿತು. ಮಾಲೀಕರು ಹಿಗ್ಗಿದರು. "ತುಂಬಿದೆಯಲ್ಲಯ್ಯಾ!"

"ತುಂಬಿದೆ ಸಾರ್. ಉರಿಯಲ್ಲ."

ಕಾಯಿಲೆ ತೊಟ್ಟಿಯ ಮೋಸ ಇದೇ. ಗ್ಯಾಸೇನೋ ಬಿಡುತ್ತದೆ, ಆದರೆ ಬೆಂಕಿ ಹಿಡಿಯುವ ಗ್ಯಾಸಲ್ಲ, ಬೆಂಕಿ ಆರಿಸುವ ಗ್ಯಾಸು. ಬಲೂನಣ್ಣ ಪ್ರತಿ ಸಂಜೆ ಅದನ್ನು ಗಾಳಿಗೆ ಬಿಟ್ಟು ಚೀಲ ಖಾಲಿ ಮಾಡುತ್ತಿದ್ದರು, ಪ್ರತಿ ಬೆಳಿಗ್ಗೆ ಅದು ಮತ್ತೆ ಉಬ್ಬಿರುತ್ತಿತ್ತು. ಮೂಲಂಗಿ ಎಲೆಗಳನ್ನು ಹಂದಿಗಳಿಗೆ ಹಾಕಲು ಬಂದ ಕೊನೆಮನೆ ಅತ್ತೆ ಸೊಂಟಕ್ಕೆ ಕೈಯಿಟ್ಟು ನೋಡಿದರು. "ಏನಪ್ಪಾ, ನಿನ್ನ ಬಲೂನು ದಿನಾ ಬಸುರಿ. ಹೆರಿಗೆ ಮಾತ್ರ ಕಾಣೆ!"

ಬಲೂನಣ್ಣ ತೊಟ್ಟಿಯ ಗೋಡೆಗೆ ಕಿವಿಯಿಟ್ಟು ಕಾಯುತ್ತಿದ್ದರು. ಆರೋಗ್ಯವಾಗಿದ್ದಾಗಿನ ಸದ್ದನ್ನು ಅವರು ಬಾಯಲ್ಲೇ ಮಾಡಿ ತೋರಿಸುತ್ತಾರೆ, ಗುಳುಗುಳು ಗುಳುಗುಳು, ಪಕ್ಕದ ಕೋಣೆಯಲ್ಲಿ ಹೆಂಗಸರು ಮದುವೆಯ ಮಾತಾಡಿದಂತೆ. ಕೆಟ್ಟಾಗಿನ ಸದ್ದು ಬೇರೆ. ಬುಡುಕ್. ತುಂಬ ಹೊತ್ತು ಏನೂ ಇಲ್ಲ. ಮತ್ತೆ ಬುಡುಕ್. "ಮುನಿಸ್ಕೊಂಡಿರೋ ಮಾವ ಮಾತಾಡೋ ಹಾಗೆ." ಹದಿನೇಳನೆಯ ದಿನ ಎರಡು ಬುಡುಕ್‌ಗಳ ನಡುವಿನ ಅಂತರ ಕಡಿಮೆಯಾಯಿತು. ಅವತ್ತಿನಿಂದ ದಿನಕ್ಕೆ ಒಂದು ಬಕೆಟ್ಟು ಗೊಬ್ಬರ, ಮರುದಿನ ಎರಡು, ಜ್ವರ ಬಿಟ್ಟವರಿಗೆ ತಿನ್ನಿಸಿದಂತೆ. ಇಪ್ಪತ್ತನೆಯ ದಿನ ಉರಿ ನಲವತ್ತು ಎಣಿಸುವವರೆಗೆ ನಿಂತಿತು. ಇವತ್ತು ಇಪ್ಪತ್ತೊಂದು.

ಹತ್ತಕ್ಕೆ ಮಾಲೀಕರು ಬರುತ್ತಾರೆ. ಅರವತ್ತು ದಾಟಿದ, ಹೊಟ್ಟೆ ಮುಂದೆ ಬಿಟ್ಟು ಕೈ ಹಿಂದೆ ಕಟ್ಟಿ ನಡೆಯುವ ಮನುಷ್ಯ. ಒಂದೊಂದು ಮಾತು ಮುಗಿದ ಮೇಲೂ ಸಣ್ಣದೊಂದು ಕೆಮ್ಮು, ವಾಕ್ಯಕ್ಕೆ ಚುಕ್ಕೆ ಇಟ್ಟಂತೆ. ಪರೀಕ್ಷೆಯ ಒಲೆಯ ನೀಲಿ ಉರಿ ನೋಡಿ ತಲೆಯಾಡಿಸುತ್ತಾರೆ, ಆದರೆ ಒಪ್ಪುವುದಿಲ್ಲ.

"ಇಲ್ಲಿ ಉರಿದ್ರೆ ನಮ್ಮ ಹಂದಿಗಳಿಗೆ ಟೀ ಕಾಯಿಸ್ಬೇಕಾ? ಕೊನೆಮನೇಲಿ ಎರಡು ಲೀಟರ್ ನೀರು ಕುದೀಲಿ. ಟ್ಯಾಂಕರ್ ಬರೋದ್ರೊಳಗೆ." ಕೆಮ್ಮು. "ಕುದಿದ್ರೆ ಇಟ್ಕೊಳ್ಳೋಣ. ಆದ್ರೆ ಇನ್ನೊಂದ್ಸಲ ಹೊಟ್ಟೆ ಬಿರಿಯೋ ಹಾಗೆ ತಿನ್ನಿಸಿದೀಯಾ, ನೋಡು."

"ಇಲ್ಲ ಸಾರ್."

"ಅವರು ತಿನ್ನಿಸಿದ್ದಲ್ಲ."

ಇಬ್ಬರೂ ತಿರುಗುತ್ತಾರೆ. ಹೆಂಡತಿ ಬಕೆಟ್ಟು ಕೆಳಗಿಟ್ಟು ಕಾಲುವೆ ದಾಟಿ ಬಂದು ನಿಂತಿದ್ದಾರೆ. "ಅವರು ತಿನ್ನಿಸಿದ್ದಲ್ಲ ಸಾರ್, ನಾನು ಕುಡಿಸಿದ್ದು. ಎರಡು ಪ್ಯಾಕೆಟ್ ಬ್ಲೀಚಿಂಗು, ಅರ್ಧ ಕ್ಯಾನು ಫಿನಾಯಿಲ್. ಆ ಕಾರು ಬಂದ ದಿನ."

"ಲೇ..." ಎನ್ನುತ್ತಾರೆ ಬಲೂನಣ್ಣ. ಮತ್ತೆ ಅವಸರದಲ್ಲಿ, "ಹಲಗೆ ನಂದು ಸಾರ್. ನಾನು ಕ್ಷೌರಕ್ಕೆ ಹೋಗಿದ್ದೆ."

ಮಾಲೀಕರು ಶೆಡ್ಡಿನ ಬಾಗಿಲ ಮೇಲಿನ ಬೋರ್ಡು ನೋಡುತ್ತಾರೆ. ಆಮೇಲೆ ಆ ಹೆಂಗಸನ್ನು.

"ಓದೋಕೆ ಬರುತ್ತೆ ತಾನೆ ನಿಂಗೆ?"

"ಬರುತ್ತೆ ಸಾರ್. ಕೇಳೋಕೂ ಬರುತ್ತೆ."

ಎಂದವರೇ ಕೈ ಹಿಂದೆ ಕಟ್ಟುತ್ತಾರೆ. ಇಲ್ಲದ ಹೊಟ್ಟೆಯನ್ನು ಮುಂದೆ ತರುತ್ತಾರೆ. ದನಿ ಪಾತಾಳಕ್ಕಿಳಿಯುತ್ತದೆ. "'ನೆಲ ಕನ್ನಡಿ ಆಗ್ಬೇಕು. ಮುಖ ಕಾಣ್ಬೇಕು, ಮುಖ! ಏನು ಬೇಕಾದ್ರೂ ಹಾಕಿ ಉಜ್ಜು, ನನಗೊತ್ತಿಲ್ಲ. ಮೂರ್ಸಲ ಹೇಳ್ತಿದೀನಿ, ನಾಲ್ಕನೇ ಸಲ ಹೇಳಲ್ಲ!'" ಕೊನೆಗೆ ಆ ಸಣ್ಣ ಕೆಮ್ಮು ಕೂಡ.

ಶೆಡ್ಡಿನ ಒಳಗಿಂದ ಒಂದು ಹಂದಿ ಗುರ್ ಎನ್ನುತ್ತದೆ. ಒಬ್ಬರದಾದರೂ ಉಳಿಯಲಿ ಎಂದು ಮೂರು ವಾರ ಕಾಪಾಡಿಕೊಂಡು ಬಂದ ಕೆಲಸ ಈಗ ಇಬ್ಬರದೂ ಹೋಯಿತು ಎಂದು ಬಲೂನಣ್ಣನಿಗೆ ಖಾತ್ರಿಯಾಗುತ್ತದೆ.

"ನಾನು ಹಾಗೆ ಕೆಮ್ಮಲ್ಲ," ಎನ್ನುತ್ತಾರೆ ಮಾಲೀಕರು ಕಡೆಗೆ. ಕೆಮ್ಮು. "ಮೊದಲು ಒಲೆ ನೋಡೋಣ. ಆಮೇಲೆ ನಿಮ್ಮಿಬ್ರನ್ನ. ನಡೀರಿ."

ಆರುನೂರ ನಲವತ್ತು ಮೀಟರ್, ಪೈಪಿನ ಗುಂಟ, ಮೂವರೂ ಸಾಲಾಗಿ ನಡೆಯುತ್ತಾರೆ. ಪೈಪಿನೊಳಗೆ ಗ್ಯಾಸಿನ ಜೊತೆ ಆವಿಯೂ ಹೋಗಿ ನೀರಾಗಿ ಕಟ್ಟಿಕೊಳ್ಳುತ್ತದೆ. ಅದನ್ನು ಬಸಿಯಲು ದಾರಿಯಲ್ಲಿ ನಾಲ್ಕು ನಲ್ಲಿಗಳಿವೆ. ಬಲೂನಣ್ಣ ಒಂದೊಂದರ ಬಳಿಯೂ ಕುಕ್ಕರುಗಾಲಲ್ಲಿ ಕೂತು ನೀರು ಬಿಡುತ್ತಾರೆ. ಹೆಂಡತಿ ಮಗ್ಗು ಹಿಡಿಯುತ್ತಾರೆ. ಮಾಲೀಕರು ಗಡಿಯಾರ ನೋಡಿಕೊಳ್ಳುತ್ತಾರೆ.

ಕೊನೆಮನೆಯ ಅಡುಗೆಕೋಣೆಯಲ್ಲಿ ಅತ್ತೆ ಪಾತ್ರೆಗೆ ಅಳೆದು ಎರಡು ಲೀಟರ್ ನೀರು ಹಾಕಿ ಸಿದ್ಧವಾಗಿದ್ದಾರೆ. ಸೊಸೆಯ ಕೈಯಲ್ಲಿ ಬೆಂಕಿಪೊಟ್ಟಣ. ಮೂಲೆಯಲ್ಲಿ ಮೂರು ವಾರದ ಮಸಿ ಮೆತ್ತಿದ ಸೌದೆ ಒಲೆ. ಹತ್ತು ಗಂಟೆ ಇಪ್ಪತ್ತೆಂಟು ನಿಮಿಷ.

ಕಡ್ಡಿ ಗೀರುತ್ತಾಳೆ. ಒಲೆ ಕೊರಕೊರ ಎಂದು ಉಗುಳುತ್ತದೆ, ಹಳದಿ ಉರಿ ಒಂದು ಸಲ ನೆಗೆದು ಆರುತ್ತದೆ. ಮಾಲೀಕರು ಉಸಿರು ಬಿಡುತ್ತಾರೆ. ಬಲೂನಣ್ಣ ಹೊರಗೆ ಓಡಿ ನಾಲ್ಕನೆಯ ನಲ್ಲಿಯನ್ನು ಮತ್ತೆ ಬಿಚ್ಚುತ್ತಾರೆ. ಇನ್ನೊಂದು ಅರ್ಧ ಮಗ್ಗು ನೀರು. "ಈಗ ಹಚ್ಚವ್ವಾ!" ಎಂದು ಅಲ್ಲಿಂದಲೇ ಕೂಗುತ್ತಾರೆ.

ಹತ್ತುತ್ತದೆ. ನೀಲಿ, ಗಿಡ್ಡ, ಆದರೆ ಅಲುಗಾಡದ ಉರಿ. ಪಾತ್ರೆ ಏರುತ್ತದೆ. ಐದು ಜನ ದೊಡ್ಡವರು ಒಂದು ಪಾತ್ರೆಯ ಸುತ್ತ ನಿಂತು ತಳದ ಗುಳ್ಳೆಗಳನ್ನು ನೋಡುತ್ತಾರೆ. ಹತ್ತೂ ನಲವತ್ತಕ್ಕೆ ಫಾರಮ್ಮಿನ ಕಡೆಯಿಂದ ಹಾರನ್ ಕೇಳುತ್ತದೆ. ಮಾಲೀಕರ ಫೋನು ಬಡಿದುಕೊಳ್ಳುತ್ತದೆ, ಟ್ಯಾಂಕರಿನ ಡ್ರೈವರ್. "ಬಂದಿದೀನಿ ಸಾರ್, ಪೈಪು ಎಲ್ಲಿ ಇಳಿಸ್ಲಿ?"

"ಸ್ವಲ್ಪ ತಡ್ಕೊ."

"ಎಷ್ಟೊತ್ತು ಸಾರ್?"

"ನೀರನ್ನ ಕೇಳು!"

ಹತ್ತೂ ಐವತ್ತೊಂದಕ್ಕೆ ಪಾತ್ರೆಯ ತುಂಬ ನೀರು ಮೇಲೆ ಕೆಳಗೆ ಹೊರಳುತ್ತದೆ. ಮೊದಲು ಮಾತಾಡುವವರು ಅತ್ತೆ. "ಕುದೀತಲ್ಲ, ಇನ್ನೇನು ಹಾಗೇ ನೋಡ್ತಾ ನಿಂತಿದೀರಿ? ಕೂತ್ಕೊಳ್ಳಿ, ಟೀ ಹಾಕ್ತೀನಿ. ಆ ಡ್ರೈವರ್ರೂ ಬರ್ಲಿ, ಪಾಪ, ಬರೀ ಹೊಟ್ಟೇಲಿ ವಾಪಸ್ ಹೋಗೋದು ಬೇಡ, ಟ್ಯಾಂಕರಂತೂ ಹಾಗೇ ಹೋಗುತ್ತೆ."

ಟೀ ಮುಗಿಯುವವರೆಗೆ ಮಾಲೀಕರು ಗಂಡ ಹೆಂಡಿರ ಮುಖ ನೋಡುವುದಿಲ್ಲ. ಲೋಟ ಕೆಳಗಿಟ್ಟು ಎದ್ದು ನಿಂತ ಮೇಲೆ, ಬಾಗಿಲ ಕಡೆ ತಿರುಗಿಕೊಂಡೇ ಹೇಳುತ್ತಾರೆ.

"ಒಂದು ಮಾತು ನಿಜ ಕಣಮ್ಮ. ಅವತ್ತು ನೆಲ ಚೆನ್ನಾಗೇ ಇತ್ತು."

"ಮುಖ ಕಾಣ್ತಿತ್ತಾ ಸಾರ್?"

"ಕಾಣ್ತಿತ್ತು." ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ. "ನಾಳೆಯಿಂದ ಬರೀ ನೀರಲ್ಲಿ ತೊಳಿ."

ನಾಳೆ ಎಂದರೆ ನಾಳೆಯೂ ಕೆಲಸ ಇದೆ ಎಂದರ್ಥ. ಇದು ಬಲೂನಣ್ಣನ ತಲೆಗೆ ಇಳಿಯಲು ಒಂದು ಕ್ಷಣ ಬೇಕಾಗುತ್ತದೆ. ಹೆಂಡತಿಗೆ ಬೇಕಾಗುವುದಿಲ್ಲ; ಅವರು ಆಗಲೇ ಮುಖ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡು, ಸೊಸೆಯ ಮುಂದೆ ಹೊಗೆಯನ್ನು ಬೈಯುತ್ತಿದ್ದಾರೆ. ಅಡುಗೆಕೋಣೆಯಲ್ಲಿ ಹೊಗೆಯೇ ಇಲ್ಲ.

ಮಧ್ಯಾಹ್ನ ತೊಟ್ಟಿಯ ಬಳಿ ಇಬ್ಬರೂ ಇದ್ದಾರೆ. ಹಲಗೆಯನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಹಾಕುವುದು ಹೇಗೆಂದು ಬಲೂನಣ್ಣ ಹೆಂಡತಿಗೆ ಕಲಿಸುತ್ತಿದ್ದಾರೆ. ಒಂಬತ್ತು ವರ್ಷ ಯಾರಿಗೂ ಮುಟ್ಟಗೊಡದ ಹಲಗೆ. "ಇಷ್ಟೇನಾ?" ಎನ್ನುತ್ತಾರೆ ಆಕೆ, ಎರಡೇ ಸಲಕ್ಕೆ ಕಲಿತು. "ಇದಕ್ಕಾ ಇಷ್ಟು ವರ್ಷ ಜಂಬ ಮಾಡ್ತಿದ್ರಿ?"

ಮುಂದೇನು ಆಸೆ ಎಂದರೆ ಬಲೂನಣ್ಣ ಬೆರಳು ಮಡಿಸಿ ಎಣಿಸುತ್ತಾರೆ. ಹೊಸ ಚೀಲ ಬೇಡ, ಇನ್ನೂ ಐದು ವರ್ಷ ಬರುತ್ತದೆ. ಮನೆಗಳ ಸಂಖ್ಯೆ ಹೆಚ್ಚಿಸುವುದೂ ಸದ್ಯಕ್ಕೆ ಬೇಡ, ಒಳಗಿನವರು ಈಗಷ್ಟೇ ಎದ್ದು ಕೂತಿದ್ದಾರೆ.

"ನೀವು ಪೇಪರಲ್ಲಿ ಬರೆದ್ಮೇಲೆ ನಾಲ್ಕು ಜನ ನೋಡೋಕೆ ಬರ್ತಾರೆ," ಎನ್ನುತ್ತಾರೆ ಬಗ್ಗಡದ ಕೈಯನ್ನು ಹುಲ್ಲಿಗೆ ಒರೆಸುತ್ತಾ. "ಬರ್ಲಿ. ಬೇಡ ಅನ್ನಲ್ಲ. ಪೈಪು ತೋರಿಸ್ತೀನಿ, ಒಲೆ ಹಚ್ಚಿ ತೋರಿಸ್ತೀನಿ, ಬೇಕಂದ್ರೆ ಮಗ್ಗಲ್ಲಿ ಮೂಗಿಡೋಕೂ ಕೊಡ್ತೀನಿ. ಒಂದೇ ಒಂದು ಕೇಳ್ಕೊಳ್ಳೋದು. ಮುಂಚೆ ತಿಳಿಸ್ಬೇಡಿ. ಸುಮ್ನೆ ಬಂದ್ಬಿಡಿ."